ಸಹವಾಸದ ದೋಷ

ಬಾಟಲಿಯಲ್ಲಿ ಜೇನಿನಂತೆ ತಿಳಿಯಾಗಿರುವ ಡೆಟಾಲ್ ನೀರಿಗೆ ಬಿದ್ದೊಡನೆ ಹಾಲಿನಂತೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದೇವೆ. ಬಾಟಲಿಯಲ್ಲಿ ಕರಗಿದ್ದ ಎಣ್ಣೆಯ ಅಂಶವು ನೀರಿನ ನೆರೆಯನ್ನು ಸಹಿಸಲಾರದೆ ಕಿರುತೊಟ್ಟುಗಳಾಗಿ ಒಂದುಗೂಡುವುದೇ ಇದಕ್ಕೆ ಕಾರಣ. ಇದೇ ಬಗೆಯ ನಿಯಮಕ್ಕೆ ಒಳಗಾಗಿ, ಕೊನೆಗೆ ವಿಷವೆಂಬ ಅಪವಾದವನ್ನೂ ಹೊತ್ತ ಒಂದು ಅಣುವಿನ ಕಥೆಯನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಇದ್ದಲೂ ವಜ್ರವೂ ಇಂಗಾಲವೇ ಎಂಬುದನ್ನು ನಾವು ಶಾಲೆಯಲ್ಲಿಯೇ ಕಲಿತಿದ್ದೇವೆ. ಅಮೆರಿಕದ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದಲ್ಲಿ 1985ರಲ್ಲಿ ಕ್ರೋಟೊ, ಕರ್ಲ್, ಸ್ಮಾಲಿ ಎಂಬ ವಿಜ್ಞಾನಿಗಳು ತಮ್ಮ ವಿದ್ಯಾರ್ಥಿಗಳೊಡನೆ ಇಂಗಾಲದ ಮತ್ತೊಂದು ರೂಪವನ್ನು ಕಂಡುಹಿಡಿದರು. 60 ಪರಮಾಣುಗಳು 12 ಪಂಚಕೋನಗಳಾಗಿಯೂ 20 ಷಟ್ಕೋನಗಳಾಗಿಯೂ ಹೆಣೆದುಕೊಂಡ, ಕಾಲ್ಚೆಂಡಿನಾಕಾರದ ಟೊಳ್ಳು ಪಂಜರವದು. ಮೀಟರಿನ ನೂರು ಕೋಟಿಯಲ್ಲೊಂದು ಪಾಲಿಗೆ ನ್ಯಾನೊಮೀಟರ್ ಎಂದು ಹೆಸರು. ಈ ಪಂಜರದ ವ್ಯಾಸ ಸುಮಾರು 0.7 ನ್ಯಾನೊಮೀಟರ್. ಇಂಥದೇ ಹೆಣಿಗೆಯ ಗುಮ್ಮಟಗಳಿಂದ ಪ್ರಖ್ಯಾತರಾದ ಬಕ್‌ಮಿನ್‌ಸ್ಟರ್ ಫುಲ್ಲರರ ನೆನಪಿಗಾಗಿ ಇದಕ್ಕೆ ಫುಲ್ಲರೀನ್ ಎಂಬ ಹೆಸರು ಬಂದಿತು. 1996ರಲ್ಲಿ ಆ ಮೂವರಿಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಪಂಜರಕ್ಕೆ ಟಾಲ್ವೀನ್ ಎಂಬ ದ್ರಾವಕ ಪ್ರಿಯವಾದುದು. ಅದರಲ್ಲಿ ಒಂದೊಂದು ಅಣುವೂ ಬಿಡಿಬಿಡಿಯಾಗಿ ಕರಗಿ, ದ್ರಾವಣಕ್ಕೆ ಚೆಲುವಾದ ನೇರಳೆಗೆಂಪು ಬಣ್ಣವನ್ನು ಕೊಡುತ್ತದೆ. ಅಸಿಟೊನೈಟ್ರೈಲ್ ಎಂಬ ಇನ್ನೊಂದು ದ್ರವದಲ್ಲಿಯಾದರೋ ಅದು ಕರಗುವುದಿಲ್ಲವೆಂದೇ ಹೇಳಬೇಕು. ಟಾಲ್ವೀನ್ ದ್ರಾವಣಕ್ಕೆ ಇದನ್ನು ಬೆರೆಸುತ್ತ ಹೋದರೆ ಮೊದಮೊದಲು ಏನೂ ತೋರದು. ಬೆರಕೆಯ ಪ್ರಮಾಣ ಒಂದು ಮೇರೆಯನ್ನು ದಾಟಿತೆಂದರೆ ನೇರಳೆ ಅಳಿದು ಕಂದುಹಳದಿ ಮೂಡುತ್ತದೆ. ಒಲ್ಲದ ದ್ರವದಿಂದ ಪಾರಾಗಲು ಪಂಜರಗಳು ಒಂದನ್ನೊಂದು ಅಪ್ಪಿಕೊಂಡು, ನೂರಾರು ನ್ಯಾನೊಮೀಟರ್ ಅಗಲದ ಗುಂಪುಗಳಾಗಿರುತ್ತವೆ. ಆದರೂ ತಳದಲ್ಲಿ ಗಸಿ ನಿಲ್ಲದು. ದ್ರವ ತಿಳಿಯಾಗಿಯೇ ಕಾಣುತ್ತದೆ. ಮುಂಬಯಿಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನ ಕೇಂದ್ರದ ವಿಜ್ಞಾನಿಗಳೂ 1990ರ ದಶಕದಲ್ಲಿ ಈ ವಿಷಯವನ್ನು ವಿಶೇಷವಾಗಿ ಅಭ್ಯಾಸಮಾಡಿದರು.

ಇನ್ನು ಅಪವಾದದ ಮಾತು. ಫುಲ್ಲರೀನನ್ನು ನೀರಿಗೆ ಸೇರಿಸಲು ಒಂದು ಉಪಾಯವುಂಟು. ಟೆಟ್ರಾಹೈಡ್ರೊಫ್ಯುರಾನ್ ಎಂಬ ದ್ರಾವಕದಲ್ಲಿ ಅದನ್ನು ತುಸು ಕರಗಿಸಿ, ನೀರು ಬೆರೆಸಿ, ಬಳಿಕ ಆ ದ್ರಾವಕವನ್ನು ಆವಿಯಾಗಿಸಿ ತೆಗೆಯುವುದು. ಆಗ ನೀರಿನಲ್ಲಿ ಫುಲ್ಲರೀನಿನ ಗುಂಪುಗಳು ಉಳಿಯುತ್ತವೆ. ಅಮೆರಿಕದಲ್ಲಿ ಇಂಥ ನೀರಿನಲ್ಲಿ 48 ಗಂಟೆ ಇರಿಸಿದ ಎಳೆಯ ಬಾಸ್ ಮೀನುಗಳ ಮಿದುಳಿಗೆ ಹಾನಿಯಾದುದು ಕಂಡಿತೆಂದು 2004ರಲ್ಲಿ ಈವಾ ಓಬರ್‌ಡಾರ್ಸ್ಟರ್ ಎಂಬ ವಿಜ್ಞಾನಿ ಪ್ರಕಟಿಸಿದರು. ಫುಲ್ಲರೀನ್ ವಿಷವೆಂಬ ಸುದ್ದಿ ಎಲ್ಲೆಡೆ ಹಬ್ಬಿತು.

2007ರಲ್ಲಿ ಬೇರೊಂದು ತಂಡದವರು ಜೀಬ್ರಾಮೀನಿನ ಮರಿಗಳ ಮೇಲೆ ಪರೀಕ್ಷೆ ನಡೆಸಿದರು. ಫುಲ್ಲರೀನನ್ನು ಬರಿಯ ನೀರಿನಲ್ಲಿ ಬಹುಕಾಲ ಕಲಕಿ ಬೆರೆಸಿದಾಗ ಮರಿಗಳು ಸಾಯಲಿಲ್ಲ. ಫುಲ್ಲರೀನೇ ಇಲ್ಲದೆ, ಆ ದ್ರಾವಕದಿಂದ ಅದೇ ಕ್ರಮದಲ್ಲಿ ಸಿದ್ಧಪಡಿಸಿದ ನೀರಿನಲ್ಲಿ ಸತ್ತವು! ದ್ರಾವಕವು ಕೆಟ್ಟು ಹುಟ್ಟಿದ ಪದಾರ್ಥಗಳೇ ಅಲ್ಲಿಯ ಅಪರಾಧಿಗಳೆಂದು ಅವರು ನಿರ್ಣಯಿಸಿದರು.

ಇಷ್ಟರಿಂದ ಫುಲ್ಲರೀನ್ ಸರ್ವಥಾ ನಿರಪಾಯಕರವೆಂದು ಹೇಳಲಾಗದು. ಆದರೆ ಹೊಸ ಪದಾರ್ಥವೊಂದು ಔಷಧವೋ ವಿಷವೋ ಎಂದು ತೀರ್ಪು ಕೊಡುವವರು, ಅದು ಬಿಡಿಯಾಗಿತ್ತೋ ಗುಂಪಾಗಿತ್ತೋ, ಯಾವ ದ್ರವದ ಜೊತೆಯಲ್ಲಿ ಬಂದಿತೋ ಎಂಬುದನ್ನು ಮೊದಲು ವಿಚಾರಿಸಬೇಕು. ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬ ಗಾದೆ ನಮ್ಮಲ್ಲುಂಟು. ಇಲ್ಲಿ ಸನ್ಯಾಸಿ ಕೆಟ್ಟಿರಲಿಲ್ಲ. ಕೆಟ್ಟ ಹೆಸರು ಮಾತ್ರ ಅವನಿಗೆ ಬಂದಿತ್ತು.