ಸಿನಗಾಗ್ ಶಾಲೆಯ ಮುಖ್ಯಸ್ಥೆ ಮತ್ತು ನಮ್ಮ ದೊತೊರ್ನ್

ಅಮೆರಿಕ ಮತ್ತು ಕೆನಡಾದ ಯೆಹೂದ್ಯ ಮಕ್ಕಳ ಧಾರ್ಮಿಕ ಶಿಕ್ಷಣ ಕುರಿತು ನ್ಯೂಯಾರ್ಕಿನ ಜ್ಯೂಯಿಷ್ ಎಜುಕೇಶನ್ ಪ್ರಾಜೆಕ್ಟ್ ಸಂಸ್ಥೆ 2023ರಲ್ಲಿ ಒಂದು ವರದಿ ಪ್ರಕಟಿಸಿತು. ಭಾನುವಾರ ಹಾಗೂ ವಾರದ ಸಂಜೆಗಳಲ್ಲಿ, ಹೆಚ್ಚಾಗಿ ಸಿನಗಾಗ್‌ಗಳ ಆಶ್ರಯದಲ್ಲಿ ನಡೆಯುವ ಧರ್ಮಶಿಕ್ಷಣ ಶಾಲೆಗಳಲ್ಲಿ ಸುಮಾರು 1,41,000 ಮಕ್ಕಳಿದ್ದಾರೆ ಎಂದು ಅದು ತಿಳಿಸಿತು. 2006ರಲ್ಲಿ ಈ ಸಂಖ್ಯೆ 2,30,000ಕ್ಕೂ ಮೇಲಿತ್ತು. ಸಂತ ಎರಡನೇ ಜಾನ್ ಪೌಲರು 1986ರಲ್ಲಿ ರೋಮಿನ ಸಿನಗಾಗ್‌ಗೆ ಭೇಟಿ ನೀಡಿದಾಗ ಯೆಹೂದ್ಯರನ್ನು ನಮ್ಮ ಹಿರಿಯ ಸಹೋದರರೆಂದು ಕರೆದಿದ್ದರು. ಆ ಹಿರಿಯರ ಮನೆಯಲ್ಲಿ ನಡೆಯುತ್ತಿರುವ ಈ ಬದಲಾವಣೆಯನ್ನು ನಾವು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು.

ಶಿಕ್ಷಕರಿಗೆ ತರಬೇತಿ ಇಲ್ಲದ್ದರಿಂದ ಹೀಗಾಯಿತೆಂದು ಹೇಳುವಂತಿಲ್ಲ. ಅಲ್ಲಿ ಸಿನಗಾಗ್ ಶಾಲೆಯನ್ನು ನಡೆಸುವುದು ಒಂದು ಪೂರ್ಣ ವೃತ್ತಿ. ಅದಕ್ಕೆ ರಬ್ಬಿ ಆಗಿರಬೇಕೆಂದಿಲ್ಲ. ಈ ಹುದ್ದೆಯಲ್ಲಿ ಮಹಿಳೆಯರು ಬಹಳ ಮಂದಿ ಇದ್ದಾರೆ. ಎಷ್ಟೋ ಮಂದಿಗೆ ಈ ದಾರಿ ಬಾಲ್ಯದಲ್ಲೇ ತೆರೆದುಕೊಳ್ಳುತ್ತದೆ. ಹನ್ನೆರಡು ಅಥವಾ ಹದಿಮೂರರ ವಯಸ್ಸಿನಲ್ಲಿ ಬಾತ್ ಮಿಟ್ಜ್ವಾ ವಿಧಿ ಮುಗಿಸಿದ ಹುಡುಗಿ ಅದೇ ಶಾಲೆಯಲ್ಲಿ ಶಿಕ್ಷಕರಿಗೆ ಸಹಾಯಕಿಯಾಗಿ ನಿಲ್ಲುತ್ತಾಳೆ, ಚಿಕ್ಕವರಿಗೆ ಹೀಬ್ರೂ ಅಕ್ಷರ ತಿದ್ದಿಸುತ್ತಾಳೆ. ಕಾಲೇಜಿನ ದಿನಗಳಲ್ಲಿ ಭಾನುವಾರದ ತರಗತಿ, ಬೇಸಿಗೆ ಶಿಬಿರ. ಮುಂದೆ ಹೀಬ್ರೂ ಯೂನಿಯನ್ ಕಾಲೇಜು, ಜ್ಯೂಯಿಷ್ ಥಿಯಲಾಜಿಕಲ್ ಸೆಮಿನರಿ ಮುಂತಾದ ಸಂಸ್ಥೆಗಳಲ್ಲಿ ಯೆಹೂದ್ಯ ಶಿಕ್ಷಣದಲ್ಲೇ ಸ್ನಾತಕೋತ್ತರ ಪದವಿ. ಆಮೇಲೆ ಸಂಬಳದ ಹುದ್ದೆ: ಪಾಠಕ್ರಮ, ಶಿಕ್ಷಕರ ನೇಮಕ, ಅಂದಾಜುಪಟ್ಟಿ, ಪೋಷಕರ ದೂರು, ಎಲ್ಲವೂ ಅವರ ತಲೆಯ ಮೇಲೆ. 2018ರ ಅಕ್ಟೋಬರ್ 27ರಂದು ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ 11 ಮಂದಿ ಗುಂಡಿಗೆ ಬಲಿಯಾದ ಮೇಲಂತೂ ಬಾಗಿಲಿನ ಕಾವಲೂ ಅವರ ಚಿಂತೆಗಳಲ್ಲಿ ಸೇರಿದೆ.

ಈ ದಾರಿಯನ್ನು ಮೊದಲು ತುಳಿದವರಲ್ಲಿ ಫಿಲಡೆಲ್ಫಿಯಾದ ರೆಬೆಕ್ಕಾ ಗ್ರಾಟ್ಜ್ ಪ್ರಮುಖರು. 1781ರಲ್ಲಿ ಜನಿಸಿದ ಅವರು ಅವಿವಾಹಿತೆ. ತೀರಿಹೋದ ತಂಗಿಯ ಮಕ್ಕಳನ್ನು ಸಾಕಿ ಬೆಳೆಸಿದವರು. 1838ರ ಮಾರ್ಚ್ 4ರಂದು, ತಮ್ಮ 57ನೇ ಹುಟ್ಟುಹಬ್ಬದ ದಿನವೇ, ಹೀಬ್ರೂ ಭಾನುವಾರ ಶಾಲೆಯನ್ನು ಆರಂಭಿಸಿದರು. ಆಗ ಅಮೆರಿಕದಲ್ಲಿ ಯೆಹೂದ್ಯ ಸೆಮಿನರಿಯೇ ಇರಲಿಲ್ಲ, ಪ್ರಾರ್ಥನಾವಿಧಿಯ ನೇತೃತ್ವ ಸ್ತ್ರೀಯರಿಗೆ ಇರಲಿಲ್ಲ. ಆದರೂ ಕಲಿಸುವವರೆಲ್ಲ ಸ್ತ್ರೀಯರೇ, ಮಕ್ಕಳಿಂದ ಶುಲ್ಕವಿಲ್ಲ. ಯೆಹೂದ್ಯ ಪಠ್ಯಪುಸ್ತಕವೂ ಇರಲಿಲ್ಲ. ಪ್ರೊಟೆಸ್ಟೆಂಟರ ಭಾನುವಾರ ಶಾಲೆಯ ಪುಸ್ತಕಗಳನ್ನೇ ತಂದು, ತಮ್ಮ ವಿಶ್ವಾಸಕ್ಕೆ ಒಪ್ಪದ ಸಾಲುಗಳ ಮೇಲೆ ಕಾಗದದ ಚೂರು ಅಂಟಿಸಿ ಮಕ್ಕಳ ಕೈಗೆ ಕೊಡುತ್ತಿದ್ದರಂತೆ. (ಅಂಟಿಸಿದ ಕಾಗದದ ಅಡಿಯಲ್ಲಿ ಏನಿದೆ ಎಂದು ಇಣುಕದ ಮಗು ಎಲ್ಲಿದೆ!) ಸಿನಗಾಗ್‌ನ ಪ್ರಾರ್ಥನಾ ನಾಯಕ ಐಸಾಕ್ ಲೀಸರ್ ಮರುವರ್ಷವೇ ಒಂದು ಪ್ರಶ್ನೋತ್ತರ ಪುಸ್ತಕ ಬರೆದು ಆ ಕೊರತೆ ನೀಗಿಸಲು ನೆರವಾದರು. ಗ್ರಾಟ್ಜ್ ಸುಮಾರು ಕಾಲು ಶತಮಾನ ಆ ಶಾಲೆಯ ಮುಖ್ಯಸ್ಥೆಯಾಗಿದ್ದರು.

ಕಥೋಲಿಕರಾದ ನಮಗೆ ಈ ಕಥೆಯ ಇನ್ನೊಂದು ಮುಖವೂ ತಿಳಿದಿರಬೇಕು. ಅದೇ ಊರಿನಲ್ಲಿ, ಅದೇ ವರ್ಷಗಳಲ್ಲಿ, ಸರಕಾರಿ ಶಾಲೆಗಳ ಕಥೋಲಿಕ ಮಕ್ಕಳು ಪ್ರೊಟೆಸ್ಟೆಂಟ್ ಬೈಬಲನ್ನೇ ಓದಬೇಕಾಗಿತ್ತು. ನಮ್ಮ ಮಕ್ಕಳಿಗೆ ನಮ್ಮ ಬೈಬಲ್ ಬಳಸಲು ಬಿಡಿ ಎಂದು ಬಿಷಪ್ ಫ್ರಾನ್ಸಿಸ್ ಕೆನ್ರಿಕ್ 1842ರಲ್ಲಿ ಕೇಳಿಕೊಂಡರು. ಅದರಿಂದ ಹೊತ್ತಿಕೊಂಡ ದ್ವೇಷ 1844ರ ಗಲಭೆಯಾಗಿ ಸಂತ ಮೈಕಲ್ ಮತ್ತು ಸಂತ ಆಗಸ್ಟಿನ್ ಚರ್ಚುಗಳನ್ನು ಸುಟ್ಟಿತು. ಅಲ್ಪಸಂಖ್ಯಾತ ಸಮುದಾಯಕ್ಕೆ ಮಕ್ಕಳ ಧರ್ಮಶಿಕ್ಷಣ ಎಷ್ಟು ದುಬಾರಿ ಎಂಬುದನ್ನು ಇಬ್ಬರೂ ಒಂದೇ ಊರಿನಲ್ಲಿ ಕಲಿತರು.

ಹಾಗಾದರೆ ಇಷ್ಟು ಪರಂಪರೆ, ಇಷ್ಟು ಸಿದ್ಧತೆ ಇದ್ದೂ ಮಕ್ಕಳೇಕೆ ಕಡಿಮೆಯಾದರು? ಅಂತರ್ಧರ್ಮೀಯ ವಿವಾಹ, ಭಾನುವಾರದ ಆಟೋಟ, ಸದಸ್ಯರಿಲ್ಲದೆ ಮುಚ್ಚಿದ ಸಿನಗಾಗ್‌ಗಳು, ಹೀಗೆ ಹಲವು ಕಾರಣಗಳನ್ನು ಹೇಳಲಾಗುತ್ತದೆ. ನಮ್ಮ ದೃಷ್ಟಿಯಲ್ಲಿ ಇನ್ನೊಂದು ಕಾರಣ ಹೆಚ್ಚು ಗಂಭೀರ. ಮಕ್ಕಳಿಗೆ ಮನೆಯಲ್ಲೂ ದಾರಿಯಲ್ಲೂ ಕಲಿಸಬೇಕೆಂದು ಧರ್ಮೋಪದೇಶಕಾಂಡದ 6ನೇ ಅಧ್ಯಾಯ ತಂದೆತಾಯಿಗೆ ವಿಧಿಸುತ್ತದೆ. ಎಷ್ಟೋ ಕುಟುಂಬಗಳು ಆ ಹೊಣೆಯನ್ನು ಪೂರ್ತಿಯಾಗಿ ಶಾಲೆಗೆ ವಹಿಸಿಬಿಟ್ಟವು. ಬಾರ್ ಮಿಟ್ಜ್ವಾ ಮುಗಿಯಿತೆಂದರೆ ಶಾಲೆಯೂ ಮುಗಿಯಿತು. ಶಾಲೆಯ ಮುಖ್ಯಸ್ಥೆ ಎಷ್ಟೇ ಸಮರ್ಥೆಯಾಗಿದ್ದರೂ ಮನೆಯ ಶುಕ್ರವಾರದ ಸಂಜೆಯ ದೀಪವನ್ನು ಅವರು ಹಚ್ಚಲಾರರು.

ಈ ಮಾತು ಕರಾವಳಿಯ ಯಾವ ಧರ್ಮಕೇಂದ್ರಕ್ಕೂ ಹೊಸದಲ್ಲ. ದೃಢೀಕರಣ ಸಂಸ್ಕಾರವನ್ನು ದೊತೊರ್ನ್‌ನ ಬೀಳ್ಕೊಡುಗೆ ಸಮಾರಂಭವೆಂದು ತಿಳಿದ ಮನೆಗಳು ನಮ್ಮಲ್ಲೂ ಇವೆ. ಸಂಜೆಯ ತೇರ್ಸ್ ನಿಂತ ಮನೆಯ ಮಗುವಿಗೆ ಭಾನುವಾರದ ಒಂದು ಗಂಟೆಯಲ್ಲಿ ಎಲ್ಲವನ್ನೂ ತುಂಬಿಸಿಕೊಡಿ ಎಂದು ಶಿಕ್ಷಕಿಯನ್ನು ಕೇಳುತ್ತೇವೆ. ಯೆಹೂದ್ಯರಾದರೂ ಆ ಶಿಕ್ಷಕಿಯನ್ನು ವರ್ಷಗಟ್ಟಲೆ ಓದಿಸಿ, ಸಂಬಳ ಕೊಟ್ಟು ನಿಲ್ಲಿಸಿದ್ದಾರೆ. ನಾವು ಜೂನ್ ತಿಂಗಳಲ್ಲಿ ಪುಸ್ತಕ ಕೈಗಿತ್ತು, ವರ್ಷಾಂತ್ಯಕ್ಕೆ ಒಂದು ನೆನಪಿನ ಕಾಣಿಕೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ.

ಪೋಪ್ ಫ್ರಾನ್ಸಿಸ್ 2021ರ ಮೇ 10ರಂದು ಧರ್ಮೋಪದೇಶಕರ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. 2022ರ ಜನವರಿಯಲ್ಲಿ ಸಂತ ಪೇತ್ರರ ಬಸಿಲಿಕದಲ್ಲಿ ಮೊದಲ ಬಾರಿಗೆ ಸ್ತ್ರೀಪುರುಷರಿಬ್ಬರಿಗೂ ಅದನ್ನು ನೀಡಿದರು. ಅದಕ್ಕೆ ತಕ್ಕ ಬೈಬಲ್, ದೈವಶಾಸ್ತ್ರ ಹಾಗೂ ಬೋಧನಾ ತರಬೇತಿ ಬೇಕೆಂದು ಅವರ ಪತ್ರ ಸ್ಪಷ್ಟವಾಗಿ ಹೇಳುತ್ತದೆ. ವಾರ್ಷಿಕ ಹಬ್ಬದ ಬ್ಯಾಂಡಿಗೂ ದೀಪಾಲಂಕಾರಕ್ಕೂ ಹಣ ಹೊಂದಿಸುವ ನಮ್ಮ ಪಾಲನಾ ಮಂಡಳಿಗಳು ಮುಂದಿನ ಅಂದಾಜುಪಟ್ಟಿಗೆ ಕುಳಿತಾಗ, ದೊತೊರ್ನ್ ಕಲಿಸುವ ಒಬ್ಬ ಯುವತಿಯ ಎರಡು ವರ್ಷದ ವ್ಯಾಸಂಗಕ್ಕೆ ಒಂದು ಸಾಲನ್ನು ಸೇರಿಸಬಹುದು. ಅದೇ ಸಭೆಗೆ ಆ ಮಕ್ಕಳ ತಂದೆತಾಯಿಯನ್ನೂ ಕರೆಯಬಹುದು.