ಕಾಲು ಸೋತವರು ಎಲ್ಲಿ ಕೂಡಬೇಕು?

"ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು" ಅಂತ ನಮ್ಮ ಕಡೆ ಒಂದು ಮಾತಿದೆ. ಗಂಗಾವತಿ ಕಡೆಯವನಾದ ನಾನು ಬೇರೆ ಊರಿನ ಗೆಳೆಯರ ಮುಂದೆ ಈ ಮಾತನ್ನು ಎಷ್ಟು ಸಲ ಹೇಳಿ ಮೀಸೆ ತಿರುವಿದ್ದೇನೋ ಲೆಕ್ಕವಿಲ್ಲ. ಆದರೆ ಅವ್ವನನ್ನು ಕರಕೊಂಡು ಮಂಗಳೂರಿಗೆ ಹೋಗಿ ಬಂದಮೇಲೆ ಈ ಗಾದೆಯಲ್ಲಿ ಏನೋ ಒಂದು ಬಿಟ್ಟುಹೋಗಿದೆ ಅನ್ನಿಸತೊಡಗಿದೆ. ಕಾಲಿದ್ದವರಿಗೆ ಹಂಪಿ ಆಯಿತು, ಕಣ್ಣಿದ್ದವರಿಗೆ ಕನಕಗಿರಿ ಆಯಿತು. ಕಾಲು ಸೋತವರಿಗೆ?

ಮಂಗಳೂರಿನಲ್ಲಿ ತಮ್ಮನ ಮನೆ ಇದೆ. ಅವನು ಊರು ತೋರಿಸುವ ಹುರುಪಿನಲ್ಲಿ ಮೊದಲ ದಿನವೇ ಪಿಲಿಕುಳಕ್ಕೆ ಕರಕೊಂಡು ಹೋದ. ತುಳುವಿನಲ್ಲಿ ಪಿಲಿ ಅಂದರೆ ಹುಲಿಯಂತೆ, ಪಿಲಿಕುಳ ಅಂದರೆ ಹುಲಿಯ ಕೊಳ. ಅರೆ, ನಮ್ಮ ಕೊಪ್ಪಳದಲ್ಲೂ ಹುಲಿಕೆರೆ ಇದೆಯಲ್ಲ ಅಂತ ಖುಷಿಯಾಯಿತು. ಆದರೆ ಅವ್ವನ ಮೊಣಕಾಲು ಅಷ್ಟು ದೊಡ್ಡ ಜಾಗಕ್ಕೆ ಒಪ್ಪಲಿಲ್ಲ. ಮರುದಿನ ಸಂಜೆ ಸುಮ್ಮನೆ ಕದ್ರಿ ಪಾರ್ಕಿಗೆ ಹೋದೆವು. ಅಲ್ಲಿ ನೋಡುವಂಥದ್ದೇನೂ ಬೇಕಾಗಲಿಲ್ಲ. ಮರದ ಕೆಳಗೊಂದು ಬೆಂಚು ಸಿಕ್ಕಿತು, ಅವ್ವ ಕೂತಳು. ಮಕ್ಕಳು ಓಡಾಡುತ್ತಿದ್ದವು, ವಯಸ್ಸಾದವರು ವಾಕಿಂಗ್ ಮಾಡುತ್ತಿದ್ದರು, ಕಾಲೇಜಿನ ಹುಡುಗಿಯರು ಕಡಲೆಕಾಯಿ ತಿನ್ನುತ್ತಾ ಹರಟುತ್ತಿದ್ದರು. ಹೆಚ್ಚುಕಡಿಮೆ ಎರಡು ತಾಸು ಹಾಗೇ ಕೂತಿದ್ದ ಅವ್ವ ಕೊನೆಗೆ ಹೇಳಿದ್ದು ಇಷ್ಟೇ:

"ಎಷ್ಟ್ ನೆಳ್ಳ ಐತೆಪ್ಪಾ ಇಲ್ಲಿ! ಯಾರೂ ಏಳ್ರಿ ಅನ್ನಾಕತ್ತಿಲ್ಲ ನೋಡು."

ಆ ಎರಡನೇ ಮಾತು ನನಗೆ ನಾಟಿತು. ನಮ್ಮೂರಲ್ಲಿ ಅವ್ವನಂಥವಳು ಮನೆ ಬಿಟ್ಟು ಸಂಜೆ ಒಂದು ತಾಸು ಕೂಡಬೇಕು ಅಂದರೆ ಎಲ್ಲಿ ಕೂಡಬೇಕು? ಗುಡಿ ಕಟ್ಟೆ ಇದೆ. ಅಲ್ಲಿಗೆ ಹೋಗಲು ಒಂದು ನೆಪ ಬೇಕು, ಕಾಯಿ ಕರ್ಪೂರ ಬೇಕು, ಮಂಗಳಾರತಿ ಆದಮೇಲೆ ಏಳಬೇಕು. ಬಸ್ ಸ್ಟ್ಯಾಂಡ್ ಇದೆ, ಊರಿಗೆ ಹೋಗುವವರಿಗೆ. ಚಾದಂಗಡಿ ಇದೆ, ಗಂಡಸರಿಗೆ. ಹೆಂಗಸರು ಸುಮ್ಮನೆ, ಕಾರಣವಿಲ್ಲದೆ ಕೂಡಬಹುದಾದ ಜಾಗ ಯಾವುದು ಹೇಳಿ?

ಹಾಗಂತ ನಮ್ಮ ಜಿಲ್ಲೆಯಲ್ಲಿ ನೋಡೋ ಜಾಗಕ್ಕೆ ಬರಗಾಲವೇ? ಕನಕಗಿರಿಯ ಕನಕಾಚಲಪತಿ ಗುಡಿಯ ಕಂಬಗಳನ್ನು ನೋಡಿದರೆ ಕಣ್ಣಿದ್ದದ್ದು ಸಾರ್ಥಕ. ಊರ ಹೊರಗಿನ ವೆಂಕಟಪತಿ ಬಾವಿಗೆ ಇಳಿದರೆ ಹೊರಗಿನ ಬಿಸಿಲು ಮರೆಯುತ್ತದೆ. ಆನೆಗುಂದಿ, ಸಣಾಪುರದ ಕೆರೆ, 575 ಮೆಟ್ಟಿಲಿನ ಅಂಜನಾದ್ರಿ... ಎಲ್ಲವೂ ಚಂದ. ಎಲ್ಲವೂ ಹತ್ತುವ, ಇಳಿಯುವ, ನೋಡಿ ಮುಂದೆ ನಡೆಯುವ ಜಾಗಗಳೇ. ಉದ್ಯಾನ ಅಂತಲೇ ಹೆಸರಿರುವುದು ತುಂಗಭದ್ರಾ ಅಣೆಕಟ್ಟಿನ ಎಡದಂಡೆಯ ಮುನಿರಾಬಾದಿನ ಪಂಪಾವನ. ಹೆಸರೇ ಎಷ್ಟು ಚಂದ ಇದೆ! ಆದರೆ ಗಂಗಾವತಿಯಿಂದ ಹೋಗಿಬರುವುದರಲ್ಲಿ ಅರ್ಧ ದಿನ ಮುಗಿಯುತ್ತದೆ, ಕುಷ್ಟಗಿ ಯಲಬುರ್ಗಾದವರಿಗೆ ಒಂದು ದಿನವೇ ಬೇಕು. ಅದು ವರ್ಷಕ್ಕೊಮ್ಮೆ ಬುತ್ತಿ ಕಟ್ಟಿಕೊಂಡು ಹೋಗುವ ತೋಟ. ದಿನಾ ಸಂಜೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ತೋಟ ಅಲ್ಲ.

ನನ್ನ ವಾದ ಇಷ್ಟೇ. ಪಾರ್ಕ್ ಅಂದರೆ ನೋಡುವ ಜಾಗ ಅಲ್ಲ, ಕೂಡುವ ಜಾಗ. ನಮ್ಮವರು ಅದನ್ನು ಪ್ರವಾಸಿ ತಾಣ ಅಂದುಕೊಂಡಿದ್ದಾರೆ, ಅದಕ್ಕೇ ಎಲ್ಲೋ ಒಂದು ಕಡೆ ಕಾರಂಜಿ, ಬಣ್ಣದ ದೀಪ ಹಾಕಿ ಕೈ ತೊಳೆದುಕೊಳ್ಳುತ್ತಾರೆ.

ಈ ಮಾತು ಹೇಳಿದರೆ ಗೆಳೆಯರು ಮೊದಲು ಕೇಳುವುದು, "ಕುಡಿಯಾಕ ನೀರಿಲ್ಲ, ಪಾರ್ಕ್ ಯಾಕ ಬೇಕಲೇ ನಿನಗ?" ಅಂತ. ಸುಳ್ಳಲ್ಲ. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ನಮಗೆ 600ರ ಆಸುಪಾಸು. ಅಲ್ಲಿ ಕೋಲು ನೆಟ್ಟರೂ ಚಿಗುರುತ್ತದೆ. ಆದರೆ ನಾನು ಕೇಳುತ್ತಿರುವುದು ಹುಲ್ಲುಹಾಸನ್ನಲ್ಲ. ದಿನಾ ನೀರು ಕುಡಿಯುವ ಹುಲ್ಲು ನಮ್ಮ ನೆಲದ್ದಲ್ಲ, ಅದರ ಮೇಲೆ ಕೂಡಲಿಕ್ಕೂ ಬಿಡುವುದಿಲ್ಲ. ನಮಗೆ ಬೇಕಾದ್ದು ಬೇವು, ಹೊಂಗೆ, ಹುಣಸೆ, ಅರಳಿ. ಮೊದಲ ಎರಡು ಮೂರು ಬೇಸಿಗೆ ಕೊಡ ಹೊತ್ತು ನೀರು ಹಾಕಿದರೆ ಆಮೇಲೆ ಅವು ನಮ್ಮನ್ನು ಏನೂ ಕೇಳುವುದಿಲ್ಲ, ಮೊಮ್ಮಕ್ಕಳ ಕಾಲದವರೆಗೂ ನೆರಳು ಕೊಡುತ್ತವೆ.

ನೀರಿದ್ದ ಕಡೆಯ ಕತೆ ಇನ್ನೂ ವಿಚಿತ್ರ. ಅಣೆಕಟ್ಟಿನ ಎಡದಂಡೆ ಕಾಲುವೆ ಬಂದಮೇಲೆ ಗಂಗಾವತಿ ಭತ್ತದ ಕಣಜ ಆಯಿತು. ಎತ್ತ ನೋಡಿದರೂ ಹಸಿರು. ಆದರೆ ಆ ಹಸಿರಿನ ನಡುವೆ ನಡು ಮಧ್ಯಾಹ್ನ ಬೈಕ್ ನಿಲ್ಲಿಸಿ ನೀರು ಕುಡಿಯಲು ಒಂದು ಮರ ಹುಡುಕಿ ನೋಡಿ. ಭತ್ತದ ಹಸಿರು ಕಣ್ಣಿಗೆ ತಂಪು, ನೆತ್ತಿಗಲ್ಲ.

ಜಾಗ ಇಲ್ಲ ಅನ್ನುವುದೂ ಪೂರ್ತಿ ನಿಜವಲ್ಲ. ಬಡಾವಣೆ ಮಾಡುವಾಗ ಉದ್ಯಾನಕ್ಕೆ ಜಾಗ ಬಿಡಬೇಕು ಅಂತ ನಿಯಮ ಇದೆ. ಉದ್ಯಾನ, ಆಟದ ಮೈದಾನ, ಬಯಲು ಜಾಗ ಉಳಿಸಲಿಕ್ಕೆ ಅಂತಲೇ 1985ರ ರಾಜ್ಯ ಕಾಯಿದೆಯೂ ಇದೆ. ನಮ್ಮ ಬಡಾವಣೆಯಲ್ಲೂ ಅಂಥ ಒಂದು ಜಾಗ ಇದೆ. ತಂತಿಬೇಲಿ ಇದೆ, ಬೋರ್ಡ್ ಇದೆ, ಒಳಗೆ ಆಳೆತ್ತರದ ಬಳ್ಳಾರಿ ಜಾಲಿ ಇದೆ. ಗೇಟಿನ ಕೀಲಿ ಯಾರ ಹತ್ತಿರ ಇದೆ ಅಂತ ಸಂಬಂಧಪಟ್ಟ ಕಚೇರಿಯಲ್ಲಿ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆ ಇನ್ನೊಬ್ಬರು ರಜೆಯ ಮೇಲಿದ್ದರು :)

ಮನಸ್ಸು ಮಾಡಿದರೆ ಆಗುತ್ತದೆ ಅನ್ನೋದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ 26 ಕಿಲೋಮೀಟರ್ ಸ್ವಚ್ಛ ಮಾಡಿಸಿದರು. ಊರಿಗೆ ಊರೇ ಕೈಜೋಡಿಸಿತು. ಹಳ್ಳಕ್ಕೆ ಅಷ್ಟು ಜನ ಬಂದರು ಅಂದರೆ ಊರಿಗೆ ಇಪ್ಪತ್ತು ಬೇವಿನ ಮರಕ್ಕೆ ಬರುವುದಿಲ್ಲವೇ? ಮುಂದೆ 2025ರ ಫೆಬ್ರವರಿ 24ರಂದು, ಊರ ಪಕ್ಕದ ಉಕ್ಕಿನ ಕಾರ್ಖಾನೆ ದೊಡ್ಡದಾಗುವುದು ಬೇಡ ಅಂತ ಕೊಪ್ಪಳ ಬಂದ್ ಆಯಿತು. ಒಳ್ಳೆಯ ಗಾಳಿ ಬೇಕು ಅಂತ ಜನ ಬೀದಿಗೆ ಇಳಿದ ಊರು ಇದು. ಆ ಗಾಳಿಯಲ್ಲಿ ಕೂಡಲಿಕ್ಕೆ ಒಂದು ಜಾಗವನ್ನೂ ಅದೇ ದನಿಯಲ್ಲಿ ಕೇಳಬಹುದಲ್ಲ?

ಅಂದಹಾಗೆ, ಶಾಲೆಯಲ್ಲಿ ನಾವೆಲ್ಲರೂ ಪರೀಕ್ಷೆಯಲ್ಲಿ ಬರೆದ ವಾಕ್ಯ ನೆನಪಿದೆಯೇ? "ಅಶೋಕನು ರಸ್ತೆಯ ಎರಡೂ ಬದಿಗಳಲ್ಲಿ ಸಾಲು ಮರಗಳನ್ನು ನೆಡಿಸಿದನು." ಒಂದು ಅಂಕ ಗ್ಯಾರಂಟಿ. ಅದು ಮೇಷ್ಟ್ರು ಕಟ್ಟಿದ ಕತೆಯಲ್ಲ. ಮನುಷ್ಯರಿಗೂ ದನಗಳಿಗೂ ನೆರಳಾಗಲಿ ಅಂತ ಆಲದ ಮರ ನೆಡಿಸಿದೆ ಅಂತ ಅವನೇ ಉತ್ತರದ ಒಂದು ಕಂಬದ ಶಾಸನದಲ್ಲಿ ಹೇಳಿಸಿದ್ದಾನೆ. ಅದೇ ಅಶೋಕನ ಬೇರೆ ಎರಡು ಶಾಸನಗಳು ನಮ್ಮ ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿವೆ. ಎರಡು ಸಾವಿರ ವರ್ಷದ ಮೇಲಾಯಿತು. ಶಾಸನ ನೋಡಲು ಬಿಸಿಲಲ್ಲಿ ಹತ್ತಿ ಇಳಿದವರಿಗೆ ಇವತ್ತಿಗೂ ಬೇಕಾಗುವುದು ಆ ಮರದ ನೆರಳೇ.

ಊರಿಗೆ ಬಂದಮೇಲೆ ಅವ್ವ ಒಂದೇ ಸಲ ಕೇಳಿದಳು, "ಇಂಥಾದ್ದು ನಮ್ಮೂರಾಗ ಯಾವಾಗ ಆಗತೈತಿ?" ಉತ್ತರ ಕೊಡಲಿಲ್ಲ. ಮೊನ್ನೆ ಮಳೆಯಾದಮೇಲೆ ನಾವು ನಾಲ್ಕು ಜನ ಆ ತಂತಿಬೇಲಿಯ ಹೊರಗೆ, ರಸ್ತೆ ಬದಿಗೆ ಮೂರು ಬೇವಿನ ಸಸಿ ನೆಟ್ಟೆವು. ಒಂದನ್ನು ಆಡು ತಿಂದಿತು. ಎರಡು ಇವೆ. ಬೆಳಗ್ಗೆ ಮುಖ ತೊಳೆದ ನೀರನ್ನು ಅವ್ವ ಚೊಂಬಿನಲ್ಲಿ ತೆಗೆದುಕೊಂಡು ಹೋಗಿ ಹಾಕಿ ಬರುತ್ತಾಳೆ, ಮೊಣಕಾಲು ನೋವಿದ್ದರೂ.

ಅವು ನೆರಳು ಕೊಡುವ ಹೊತ್ತಿಗೆ ಅವ್ವನಿಗೆ ಎಷ್ಟು ವಯಸ್ಸಾಗಿರುತ್ತದೆ ಅಂತ ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ನಿಮ್ಮೂರಲ್ಲಿ ಹೇಗಿದೆ? ಕೂಡಲಿಕ್ಕೆ ಜಾಗ ಇದೆಯೇ? ಬರೀರಿ.