ಬೆಂಗಳೂರಲ್ಲಿ ಹೊಟ್ಟೆ ತುಂಬ ತಿನ್ನಿ, ಬಿಲ್ ಮಾತ್ರ ಸಮಪಾಲು ಮಾಡ್ಬೇಡಿ

1/5
ಐವಿ ಡೇಟ್ ಫಿಕ್ಸ್ ಆಯ್ತು ಅಂದ ಕೂಡ್ಲೇ ಕ್ಲಾಸ್ ಗ್ರೂಪಲ್ಲಿ ಶುರುವಾಗುವ ಚರ್ಚೆ ಯಾವ ಕಂಪನಿ ನೋಡುದು ಅಂತ ಅಲ್ಲ, ಯಾವ ಕೆಫೆಗೆ ಹೋಗುದು ಅಂತ. ಅದ್ರಲ್ಲಿ ತಪ್ಪೇನಿಲ್ಲ ಮಾರ್ರೆ. ಅಜೆಕಾರಿಂದ ಹೊರಟು ರಾತ್ರಿಯಿಡೀ ಬಸ್ಸಲ್ಲಿ ಕೂತು ಬೆಂಗಳೂರು ಮುಟ್ಟುವವರಿಗೆ ಒಳ್ಳೇದು ತಿನ್ನುವ ಆಸೆ ಇರ್ಲೇಬೇಕು. ಆದ್ರೆ ಪ್ರತಿ ಟ್ರಿಪ್ಪಲ್ಲೂ ಒಬ್ರಾದ್ರೂ ಇರ್ತಾರೆ, "ನಂಗೆ ಹಸಿವಿಲ್ಲ, ನೀವು ತಿನ್ನಿ" ಅಂತ ಹೇಳಿ ನೀರು ಕುಡಿದು ಕೂರುವವರು. ಅವರಿಗೆ ಹಸಿವು ಉಂಟು, ಇಲ್ಲದ್ದು ದುಡ್ಡು. ಅಮ್ಮ ಬೀಡಿ ಕಟ್ಟಿ ಕೂಡಿಟ್ಟು ಕೊಟ್ಟದ್ದನ್ನು ಒಂದು ಪ್ಲೇಟ್ ಪಾಸ್ತಾಕ್ಕೆ ಹಾಕ್ಲಿಕ್ಕೆ ಮನಸ್ಸು ಬರುದಿಲ್ಲ.

ಕಡಿಮೆ ದುಡ್ಡಲ್ಲಿ ಚೆನ್ನಾಗಿ ತಿನ್ನುದು ಅಂದ್ರೆ ಬರೀ ಅಗ್ಗದ್ದು ಹುಡುಕುದಲ್ಲ. ನಮ್ಮಲ್ಲಿ ಯಾರ ಕೈಯಲ್ಲಿ ಎಲ್ಲರಿಗಿಂತ ಕಡಿಮೆ ಉಂಟೋ, ಅವರೂ ನಾಚಿಕೆ ಪಡದೆ ಹೊಟ್ಟೆ ತುಂಬಿಸಿಕೊಳ್ಳುವಂಥ ಜಾಗ ಆರಿಸುದು. ಬೆಂಗಳೂರಲ್ಲಿ ಅಂಥ ಜಾಗ ಬೇಕಾದಷ್ಟು ಉಂಟು.

2/5
ದರ್ಶಿನಿ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಶುರು ಮಾಡಿದ ಮೇಲೆ ಊರೆಲ್ಲ ಹಬ್ಬಿದ ಪದ್ಧತಿ ಇದು. ಕೌಂಟರಲ್ಲಿ ದುಡ್ಡು ಕೊಡಿ, ಟೋಕನ್ ತಕೊಳ್ಳಿ, ನಿಂತು ತಿನ್ನಿ, ಹೊರಡಿ. ಕಾಸ್ಟಿಂಗ್ ಕ್ಲಾಸ್ ನೆನಪು ಮಾಡ್ಕೊಳ್ಳಿ: ಬಾಡಿಗೆ ಫಿಕ್ಸೆಡ್ ಕಾಸ್ಟ್. ಅಷ್ಟೇ ಜಾಗದಲ್ಲಿ ಗಂಟೆಗೆ ಹತ್ತು ಜನ ಕೂತು ತಿನ್ನುವ ಬದ್ಲು ನೂರು ಜನ ನಿಂತು ತಿಂದ್ರೆ ಒಂದು ಪ್ಲೇಟಿನ ಮೇಲೆ ಬೀಳುವ ಬಾಡಿಗೆ ಎಷ್ಟು ಇಳಿತದೆ ನೋಡಿ. ಎಸಿ ಕೆಫೆಯಲ್ಲಿ ನಾವು ಕೊಡುದು ಕಾಫಿಗೆ ಮಾತ್ರ ಅಲ್ಲ, ಎರಡು ಗಂಟೆ ಕೂತ ಕುರ್ಚಿಗೂ ಸೇರಿಸಿ.

ಇಟಲಿಯ ಊರುಗಳಲ್ಲೂ ಇದೇ ಲೆಕ್ಕ. ಅಲ್ಲಿ ಕೌಂಟರ್ ಹತ್ರ ನಿಂತು ಕುಡಿದ್ರೆ ಕಾಫಿಗೆ ಒಂದು ರೇಟು, ಟೇಬಲಲ್ಲಿ ಕೂತ್ರೆ ಅದಕ್ಕಿಂತ ಹೆಚ್ಚು. ರೋಮಲ್ಲಿ ನಿಂತು ಕುಡಿದು ಸ್ಟೋರಿ ಹಾಕಿದ್ರೆ ಸ್ಟೈಲು, ಮಲ್ಲೇಶ್ವರದಲ್ಲಿ ನಿಂತು ಇಡ್ಲಿ ತಿಂದ್ರೆ ಎಂತ ನಾಚಿಕೆ?

3/5
ಟೋಕನಿನ ನಿಜವಾದ ಉಪಕಾರ ಬೇರೆಯೇ ಉಂಟು: ಅವರವರದ್ದು ಅವರವರು ತಕೊಳ್ಳುದು. ಕೆಫೆಯಲ್ಲಿ ಆರು ಜನಕ್ಕೆ 1,800 ರೂಪಾಯಿ ಬಿಲ್ ಬಂತು ಅಂತ ಇಟ್ಕೊಳ್ಳಿ. "ಸಮ ಭಾಗ ಮಾಡುವ" ಅಂತ ಯಾರೋ ಹೇಳ್ತಾರೆ, ತಲೆಗೆ 300. ಅದ್ರಲ್ಲಿ ಒಬ್ರು ತಿಂದದ್ದು 120 ರೂಪಾಯಿಯದ್ದು ಮಾತ್ರ. ಉಳಿದ 180 ಬೇರೆಯವರ ಪಿಜ್ಜಾಕ್ಕೆ. ಬಾಯಿ ಬಿಟ್ಟು ಹೇಳಿದ್ರೆ ಜಿಪುಣ ಅನ್ನಿಸ್ಕೊಳ್ಬೇಕು, ಸುಮ್ನೆ ಕೊಟ್ರೆ ಮರುದಿನದ ಊಟಕ್ಕೆ ಕತ್ತರಿ. ಅದಕ್ಕೇ ಮುಂದಿನ ಸಲ ಅವರು "ಹಸಿವಿಲ್ಲ" ಅಂತ ಹೇಳುದು. ಸಮಪಾಲು ಅಂದ್ರೆ ನ್ಯಾಯ ಅಂತ ಅಲ್ಲ ಮಾರ್ರೆ.

4/5
ಇನ್ನು ಎಂತ ತಿನ್ನುದು?
ಬೆಳಿಗ್ಗೆ: ಇಡ್ಲಿ ವಡೆ, ಇಲ್ಲಾಂದ್ರೆ ಚೌಚೌ ಬಾತ್. ಅರ್ಧ ಖಾರಾ, ಅರ್ಧ ಕೇಸರಿ, ಒಂದೇ ಪ್ಲೇಟಲ್ಲಿ ಎರಡು ರುಚಿ. ಕಾಫಿ ಬೈಟು ಹೇಳಿ, ಅಲ್ಲಿ ಯಾರೂ ಮುಖ ನೋಡುದಿಲ್ಲ.
ಮಧ್ಯಾಹ್ನ: ತಿಂಡಿ ಬೇಡ, ಊಟವನ್ನೇ ಮಾಡಿ. ಎರಡು ದಿನ ಬರೀ ದೋಸೆ, ವಡೆ, ಪಫ್ಸ್ ತಿಂದ್ರೆ ವಾಪಸ್ ಬರುವಾಗ ಹೊಟ್ಟೆ ಕೈ ಕೊಡ್ತದೆ. ಮುದ್ದೆ, ಸೊಪ್ಪಿನ ಸಾರು ಸಿಕ್ರೆ ಬಿಡ್ಬೇಡಿ. ಜಗಿಲಿಕ್ಕಿಲ್ಲ, ಸಾರಲ್ಲಿ ಅದ್ದಿ ನುಂಗುದು.
ಮೀನು: ಊರಿಗೆ ಬಂದು ತಿನ್ನುವ. ಅಲ್ಲಿಗೆ ಹೋಗುದು ನಮ್ಮ ಕಡಲಿನ ಮೀನೇ, ಸಾಗಾಟದ ಖರ್ಚು ಸೇರಿಸಿ. ನಾನ್ ವೆಜ್ ಬೇಕೇ ಬೇಕಾದ್ರೆ ದೊನ್ನೆ ಬಿರಿಯಾನಿ ಉಂಟಲ್ಲ.

ಹೆಸರಾಂತ ಹೋಟೆಲ್ ನೋಡ್ಬೇಕಾ? ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಿ. 1943ರಲ್ಲಿ ಶುರುವಾದದ್ದು, ಸುತ್ತಮುತ್ತಲಿನ ವಿದ್ಯಾರ್ಥಿಗಳು ತಿನ್ಲಿ ಅಂತಲೇ ಆ ಹೆಸರು. ಶುರು ಮಾಡಿದವರು ನಮ್ಮ ಸಾಲಿಗ್ರಾಮದವರು. 1924ರಲ್ಲಿ ಎಂಟಿಆರ್ ಕಟ್ಟಿದ ಮಯ್ಯರ ಮನೆಯವರೂ ಕೋಟದ ಹತ್ತಿರದ ಪಾರಂಪಳ್ಳಿಯವರು. ಹೊಟ್ಟೆಪಾಡಿಗೆ ಘಟ್ಟ ಹತ್ತಿದ ನಮ್ಮ ಜಿಲ್ಲೆಯವರೇ ಆ ಊರಿಗೆ ದೋಸೆ ಬಡಿಸಿದ್ರು. ಅಲ್ಲಿ ಕೂತು ತಿನ್ಲಿಕ್ಕೆ ನಮಗೆಂತ ಸಂಕೋಚ?

5/5
ಇಂದಿರಾ ಕ್ಯಾಂಟೀನ್ ಬಗ್ಗೆಯೂ ಒಂದು ಮಾತು. 2017ರ ಆಗಸ್ಟಲ್ಲಿ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಯಾರು ಬೇಕಾದ್ರೂ ತಿನ್ಬಹುದು, ಅವಮಾನ ಎಂತದ್ದೂ ಇಲ್ಲ. ಆದ್ರೆ ಒಂದು ಹೊತ್ತಿಗೆ ಇಷ್ಟೇ ಪ್ಲೇಟ್ ಅಂತ ಲೆಕ್ಕ ಇರ್ತದೆ. ನಲ್ವತ್ತು ಜನ ಬಸ್ಸಿಂದ ಇಳಿದು ಒಟ್ಟಿಗೆ ಲೈನಲ್ಲಿ ನಿಂತ್ರೆ ಹಿಂದೆ ನಿಂತ ಕೂಲಿ ಕೆಲಸದವರಿಗೆ ಇಲ್ಲದ ಹಾಗೆ ಆಗ್ತದೆ. ಒಬ್ರಿಬ್ರು ಹೋಗಿ, ಇಡೀ ಕ್ಲಾಸ್ ಬೇಡ.

"ವರ್ಷಕ್ಕೊಂದು ಸಲ ಹೋಗುದು, ಒಂದು ಚಂದದ ಕೆಫೆಗೆ ಹೋದ್ರೆ ಎಂತ?" ಅಂತ ಕೇಳುವವರಿಗೆ: ಹೋಗಿ, ಖಂಡಿತ ಹೋಗಿ. ಆದ್ರೆ ಊಟ ಎಲ್ಲರೂ ಒಟ್ಟಿಗೆ ಮುಗಿಸಿದ ಮೇಲೆ, ಬೇಕಾದವರು ಮಾತ್ರ, ರೇಟ್ ಮೊದ್ಲೇ ಗ್ರೂಪಿಗೆ ಹಾಕಿ. ಬಿಲ್ಲಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದಾರಾ ನೋಡಿ. ಅದನ್ನು ತಾನಾಗಿ ಸೇರಿಸಬಾರದು ಅಂತ 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತ್ತು, 2025ರ ಮಾರ್ಚಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. ಜಿಎಸ್‌ಟಿ ಬೇರೆ, ಅದು ಕೊಡ್ಲೇಬೇಕು. ಇಷ್ಟೂ ಕೇಳದಿದ್ರೆ ನಾವು ಬಿಕಾಂ ಓದಿ ಎಂತ ಪ್ರಯೋಜನ?

ಇದನ್ನು ನಿಮ್ಮ ಕ್ಲಾಸಿನ ಸಿಆರ್‌ಗೆ ಕಳ್ಸಿ. ಊಟದ ಪ್ಲ್ಯಾನ್ ಬಸ್ ಹತ್ತುವ ಮೊದ್ಲೇ ಆಗ್ಲಿ. ಯಾರಾದ್ರೂ "ಹಸಿವಿಲ್ಲ" ಅಂದ್ರೆ ಯಾಕೆ ಅಂತ ಎಲ್ಲರೆದುರು ಕೇಳ್ಬೇಡಿ. "ಬಾ, ಬೈಟು ಕಾಫಿ ಕುಡಿಯುವ" ಅಂತ ಕರೀರಿ, ಸಾಕು.

#ಅಜೆಕಾರು #ಬಿಕಾಂಲೈಫ್ #ಐವಿಡೈರಿ #ದರ್ಶಿನಿ